ಅಮ್ಮನ ಅರೆಪಾ ಮಣೆ

ಎನ್ವಿಗಾದೊ
ನವೆಂಬರ್ 18, ಮಧ್ಯಾಹ್ನ

ಪ್ರೀತಿಯ ನೂಬಿಯಾ,

ಹೇಗಿದ್ದೀಯ ತಂಗೀ? ಮೊಣಕಾಲು ನೋವು ಇಳಿಯಿತೇ? ಸೆವಿಯಾದಲ್ಲಿ ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಎತ್ತಿ ಕೂರಿಸುವಾಗ ಮೊದಲು ನಿನ್ನ ಸೊಂಟ ನೋಡಿಕೋ. ಸಂಬಳ ಕೊಡುವವರು ಸೊಂಟ ಕೊಡುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಕಾಗದ. ರೋಸ್ಮಿರಾ ಚಿಕ್ಕಮ್ಮನ ಅಳಿಯ ಇವತ್ತೇ ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ವಿಷಯ ನಮ್ಮ ನತಿಯೇರಾ ಚೀಟಿಯದು. ಅಮ್ಮ ಕಟ್ಟಿದ ಚೀಟಿಯಲ್ಲಿ ಈಗಲೂ ಹದಿನಾಲ್ಕು ಹೆಂಗಸರಿದ್ದೇವೆ, ದೂರವಿದ್ದರೂ ನೀನೂ ಒಬ್ಬಳು. ವರ್ಷವಿಡೀ ಕೂಡಿಟ್ಟು, ಡಿಸೆಂಬರಿನಲ್ಲಿ ಒಂದೇ ಹಂಡೆಯಲ್ಲಿ ನತಿಯಾ ಕಾಯಿಸಿ ತಿಂದು, ಹಣ ಹಂಚಿಕೊಳ್ಳುವುದು. ನೆನಪಿದೆಯಲ್ಲ, ಅಂಗಳದ ಸೌದೆ ಒಲೆ, ಹಾಲು, ಬೆಲ್ಲ, ಜೋಳದ ಹಿಟ್ಟು, ಓಣಿ ತುಂಬ ದಾಲ್ಚಿನ್ನಿಯ ಘಮ? ಅಮ್ಮ ಕಣ್ಣು ಮುಚ್ಚಿಕೊಂಡೇ ಕಲಕುತ್ತಿದ್ದಳು. ತಳದಲ್ಲಿ ಕಡಲೆಯಷ್ಟು ಗಂಟು ಕಟ್ಟಿದರೂ ಮರದ ಹುಟ್ಟಿನ ತುದಿಯಲ್ಲೇ ತಿಳಿದುಬಿಡುತ್ತಿತ್ತು. "ಯಾರೇ ಅದು ಹಿಟ್ಟು ಸುರಿದೋಳು? ನೂಬಿಯಾನಾ? ಗಂಡನ್ ಮನೇಲಿ ಹಿಂಗೇ ಮಾಡಿದ್ರೆ ನನ್ ಹೆಸ್ರು ಮಾತ್ರ ಹೇಳ್ಬೇಡ ಕಣೇ!" ಅಂಥವಳು ತನ್ನ ಎದೆಯ ಗಂಟನ್ನು ಒಂದು ವರ್ಷ ಯಾರಿಗೂ ಹೇಳಲಿಲ್ಲ.

ಅದಕ್ಕೂ ಮೊದಲು ಒಂದೇ ಒಂದು ಸಲ ಮ್ಯಾಮೊಗ್ರಾಮ್ ಮಾಡಿಸಿ ಬಂದಿದ್ದಳು, ಬಾಗಿಲಲ್ಲೇ ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಅದೇನ್ ಯಂತ್ರಾನೋ, ಅರೆಪಾ ಒತ್ತೋ ಮಣೇನೋ! ನನ್ನನ್ನೂ ರೊಟ್ಟಿ ಮಾಡಿ ಕಳ್ಸಿದ್ರು, ಬೆಣ್ಣೆ ಹಚ್ಚಲಿಲ್ಲ ಅಷ್ಟೇ!" ನಾವು ಬಿದ್ದು ಬಿದ್ದು ನಕ್ಕೆವು. ಓಣಿಯೆಲ್ಲ ನಕ್ಕಿತು. ಆಮೇಲೆ ಅವಳು ಹೋಗಲಿಲ್ಲ, ಅವಳನ್ನು ಕಳೆದುಕೊಂಡ ಮೇಲೂ ನಾವಿಬ್ಬರೂ ಹೋಗಲಿಲ್ಲ, ಚೀಟಿಯ ಒಬ್ಬಳೂ ಹೋಗಲಿಲ್ಲ. ಹನ್ನೊಂದು ವರ್ಷವಾಯಿತು.

ಹೋದ ತಿಂಗಳು ಚಪ್ಪಲಿ ಹೊಲಿಯುವ ದೋನ್ ಎಲಾದಿಯೊನ ಮೊಮ್ಮಗಳು ಮಾರ್ಯೋರಿ ಬಂದಳು. ಅಜ್ಜನ ಅಂಗಡಿಯ ಮಹಡಿಯಲ್ಲಿ ಗೆಳತಿಯರ ಜೊತೆ ಕಂಪನಿ ಮಾಡಿದ್ದಾಳೆ. ಒತ್ತದೆ, ನೋಯಿಸದೆ ಎದೆಯನ್ನು ಪರೀಕ್ಷಿಸುವ ರವಿಕೆಯಂಥ ಸಾಧನ. ಈ ವರ್ಷದ ಚೀಟಿ ಹಣ ಅದರಲ್ಲಿ ಹೂಡಿ ಎಂದಳು. ಅರೆಪಾ ಮಣೆಗೆ ಕೊನೆಗಾಲ ಬಂತು ಎಂದು ನಾನು ಕುಣಿದಾಡಿದೆ. ರೋಸ್ಮಿರಾ ಚಿಕ್ಕಮ್ಮ ಬಿಡುತ್ತಾಳೆಯೇ? "ಡಿಸೆಂಬರ್‌ಗೆ ನತಿಯಾ ಬದ್ಲು ರವಿಕೆ ತಿನ್ನೋಣ್ವೇನೇ?" ಎಂದಳು. ಹುಡುಗಿ ಮಾತ್ರ ಬಣ್ಣ ಕಟ್ಟಲಿಲ್ಲ. "ದುಡ್ಡು ಮುಳುಗಿದ್ರೂ ಮುಳುಗಬಹುದು. ಇದು ನಿಜ ಹೇಳುತ್ತೋ ಇಲ್ವೋ ಗೊತ್ತಾಗ್ಬೇಕಂದ್ರೆ, ಇದನ್ನ ತೊಟ್ಟೋರು ಮ್ಯಾಮೊಗ್ರಾಮೂ ಮಾಡಿಸ್ಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡ್ಬೇಕು, ದೋನ್ಯಾ ಫಾಬಿ." ನಗು ನಿಂತಿತು. ಎಲ್ಲರೂ ನೆಲ ನೋಡಿದರು. ಅಮ್ಮನ ಕುರ್ಚಿಯಲ್ಲಿ ಕೂತವಳು ನಾನು, ಮೊದಲು ನಾನೇ ಎರಡನ್ನೂ ಮಾಡಿಸುತ್ತೇನೆಂದು ಕೈ ಎತ್ತಿದೆ.

ಎಲ್ಲರೂ ಹೂಂ ಎನ್ನದೆ ಚೀಟಿ ಹಣ ಹೊರಗೆ ಹೋಗಬಾರದೆಂಬುದು ಅಮ್ಮನ ಕಟ್ಟಳೆ. ಹದಿಮೂರು ಹೂಂ ಸಿಕ್ಕಿವೆ, ನಿನ್ನದೊಂದು ಬಾಕಿ. ಹಂಡೆ ಬೆಳಗಿಟ್ಟಿದ್ದೇನೆ. ಅಮ್ಮ ಹಿಡಿಯುತ್ತಿದ್ದ ಕಡೆ ಹುಟ್ಟು ಸವೆದುಹೋಗಿದೆ. ಅಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಈ ಸಲ ಅವಳು ಬಹಳ ನೆನಪಾಗುತ್ತಿದ್ದಾಳೆ ಕಣೇ.

ಮಾತೆ ಮರಿಯಾ ನಿನ್ನ ತಲೆ ಕಾಯಲಿ. ಮುದುಕಿಗೂ ನನ್ನ ನಮಸ್ಕಾರ ಹೇಳು.

ನಿನ್ನ ಅಕ್ಕ,
ಫಾಬಿಯೋಲಾ

ಮರೆತೆ: ಅಳಿಯ ಹೊರಗೆ ಹಾರ್ನ್ ಬಾರಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಎರಡೂ ಪರೀಕ್ಷೆ ಆಯಿತು. ಮ್ಯಾಮೊಗ್ರಾಮ್ ನೋವಾಯಿತು, ಅಮ್ಮ ಸುಳ್ಳು ಹೇಳಿರಲಿಲ್ಲ. ಆದರೆ ಒಂದು ಲೋಟ ಕಾಫಿ ಕುಡಿಯುವಷ್ಟೂ ಹೊತ್ತಲ್ಲ. ನನ್ನ ಎಡಗಡೆ ಕಡಲೆಗಿಂತ ಚಿಕ್ಕದೊಂದು ಸಿಕ್ಕಿದೆ. ಸೂಜಿ ಹಾಕಿ ಚೂರು ತೆಗೆದು ನೋಡಿದರು, ಅಮ್ಮನದೇ ಕಾಯಿಲೆ. ಬೇಗ ಸಿಕ್ಕಿತು ಎನ್ನುತ್ತಾರೆ ಡಾಕ್ಟರು. ಡಿಸೆಂಬರ್ ನಾಲ್ಕಕ್ಕೆ ಆಪರೇಷನ್. ರವಿಕೆಗೆ ಅದು ಕಾಣಲಿಲ್ಲ, ಮಣೆಗೆ ಕಂಡಿತು. ಮುಚ್ಚಿಡದೆ ಎರಡನ್ನೂ ನನ್ನ ಮುಂದಿಟ್ಟು ಮಾರ್ಯೋರಿ ಅತ್ತಳು. ಅದಕ್ಕೇ ಅವಳಿಗೆ ಹಣ ಕೊಡೋಣ ಎನ್ನುತ್ತೇನೆ; ರವಿಕೆ ಇನ್ನೂ ಕಲಿಯಲಿ. ನನಗೆ ಭಯವಾಗುತ್ತಿದೆ, ಸುಳ್ಳೇಕೆ. ನೀನು ನನಗಿಂತ ಮೂರೇ ವರ್ಷ ಚಿಕ್ಕವಳು, ಅದೇ ಅಮ್ಮನ ಮಗಳು. ನಿನ್ನ ಹೂಂ ಆಮೇಲೆ ಹೇಳು. ಮೊದಲು ಹೋಗಿ ಅರೆಪಾ ಆಗಿ ಬಾ.