ದೊಡ್ಡಮ್ಮನ ಮೆಷಿನ್ನಿನ ಗಂಟೆ

ಮಾರ್ಚ್ 2, ಭಾನುವಾರ

ಬೆಳಗ್ಗೆಯಿಂದ ಒಂದೇ ಕೆಲಸ — ದೊಡ್ಡಮ್ಮನ ಟೈಪ್‌ರೈಟರ್. ಬ್ರಶ್ಶಿನಿಂದ ಧೂಳು ತೆಗೆದೆ. ಅಚ್ಚುಗಳಿಗೆ ಸೀಮೆಎಣ್ಣೆ, ಹೊಸ ರಿಬ್ಬನ್. ಕೋರ್ಟಿನ ಹೊರಗೆ ಕೂತು ಜೀವಮಾನವಿಡೀ ಕಂಡವರ ಅರ್ಜಿ ಹೊಡೆದ ಮೆಷಿನ್ನು. ಈಗ ಅದರಲ್ಲಿ ತನ್ನದೇ ಕಥೆ ಹೊಡೆಯುತ್ತಿದ್ದಾಳೆ. "ಅವರಿವರ ಗೋಳೆಲ್ಲ ಬರೆದಾಯ್ತು ಕಣೋ, ಇನ್ನು ನನ್ದು" ಎನ್ನುತ್ತಾಳೆ.

ಪಕ್ಕದಲ್ಲೇ ನನ್ನ 'ಮುದುಕ', ಹಳೇ ಟೈಪ್‌ರೈಟರ್. ಗುಜರಿಯಲ್ಲಿ ಸಿಕ್ಕಿದ್ದು, ನನ್ನ ಸಂಗ್ರಹಕ್ಕೆಲ್ಲ ಹಿರಿಯ. ಎಲ್ಲ ಸರಿಮಾಡಿದೆ, ಗಂಟೆ ಮಾತ್ರ ಬಿರುಕು. ಸಾಲು ಮುಗಿಯುವಾಗ ಟಿಣ್ ಅನ್ನಬೇಕಾದದ್ದು ಠಕ್ ಅನ್ನುತ್ತದೆ. ಹಿಂದೊಮ್ಮೆ ಅದನ್ನು ಕೇಳಿ ದೊಡ್ಡಮ್ಮ ನಕ್ಕಿದ್ದಳು. ಎರಡೂ ಒಂದೇ ಕಂಪನಿಯವು. ಗಂಟೆ ಒಂದೇ ಅಳತೆ. ಒಂದೇ ಸ್ಕ್ರೂ.

ದೊಡ್ಡಮ್ಮನದನ್ನು ತೆಗೆದು ಮುದುಕನಿಗೆ ಹಾಕಿ ನೋಡಿದೆ. ಸುಮ್ಮನೆ.

ಮಾರ್ಚ್ 4

ದೊಡ್ಡಮ್ಮನಿಗೆ ಮೆಷಿನ್ ಕೊಟ್ಟು ಬಂದೆ. ಬಿರುಕು ಗಂಟೆಯ ಸಮೇತ. ಭಾನುವಾರ ನಮ್ಮ ಟೈಪ್‌ರೈಟರ್ ಹುಚ್ಚಿನವರೆಲ್ಲ ಮುದುಕನನ್ನು ನೋಡಲು ಬರುತ್ತಾರೆ. ಆಮೇಲೆ ಬದಲಿಸಿದರಾಯಿತು. ಅಷ್ಟರಲ್ಲಿ ಏನು ಮುಳುಗಿಹೋಗುತ್ತೆ?

ಮಾರ್ಚ್ 7

ದೊಡ್ಡಮ್ಮ ನನ್ನ ಕನ್ನಡಕದ ಅಂಗಡಿಗೇ ಬಂದಳು, ಕೈಯಲ್ಲಿ ಹಾಳೆ. ಪ್ರತಿ ಸಾಲಿನ ಕೊನೆಗೂ ಅಕ್ಷರದ ಮೇಲೆ ಅಕ್ಷರ ಬಿದ್ದು ಕಪ್ಪು ಮುದ್ದೆ. ಹಾಳೆ ಹೊತ್ತು ಸರಿಯುವ ಕ್ಯಾರೇಜ್ ಅಂಚಿಗೆ ಬಂದು ನಿಂತಿದೆ, ಬೆರಳು ನಿಂತಿಲ್ಲ.

"ಗಂಟೆ ಕೇಳಿಸ್ತಾನೇ ಇಲ್ಲ ಕಣೋ. ಕಿವಿ ಹೋಯ್ತು ಅನ್ಸುತ್ತೆ."

ಬಾಯಿ ಬಿಡಬೇಕಿತ್ತು. ಬಿಟ್ಟೆ. ಬಿಟ್ಟು ಏನಂದೆ? "ವಯಸ್ಸಾದ್ಮೇಲೆ ಸಣ್ಣ ಸದ್ದು ಮೊದ್ಲು ಹೋಗುತ್ತೆ ದೊಡ್ಡಮ್ಮ."

ಥೂ!

ಆ ಕಣ್ಣಿಗೆ ಕನ್ನಡಕ ಮಾಡಿಕೊಟ್ಟವನು ನಾನೇ. ಕನ್ನಡಕವಿದ್ದರೂ ಹೊಡೆಯುವಾಗ ಹಾಳೆಯ ಅಂಚು ಅವಳಿಗೆ ಕಾಣುವುದಿಲ್ಲ. ಸಾಲು ಮುಗಿಯಿತೆಂದು ಗಂಟೆಯೇ ಹೇಳಬೇಕು. ನನಗಲ್ಲದೆ ಇನ್ಯಾರಿಗೆ ಗೊತ್ತು ಇದು?

ಮಾರ್ಚ್ 9, ಭಾನುವಾರ

ಎಲ್ಲರೂ ಬಂದರು. ಮೀಸೆಯೂ ಬಂದಿದ್ದ — ನಮ್ಮ ಗುಂಪಿನ ದೊಡ್ಡ ಕುಳ, ಸುಲಭಕ್ಕೆ ಹೊಗಳುವ ಆಸಾಮಿಯಲ್ಲ. ಬಗ್ಗಿ ನೋಡಿದ, ಒಂದು ಸಾಲು ಹೊಡೆದ. ಟಿಣ್!

"ಗಂಟೆ ಒರಿಜಿನಲ್ಲಾ?"

"ಹ್ಞೂಂ."

"ಪುಣ್ಯ ಮಾಡಿದೀರ ಬಿಡಿ!"

ಚಪ್ಪಾಳೆ ಬೇರೆ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವರೆಲ್ಲ ಹೋದ ಮೇಲೆ ಹೆಂಡತಿ ಲೋಟ ಎತ್ತುತ್ತ ಕೇಳಿದಳು, "ಇದು ಮೊದ್ಲು ಠಕ್ ಅಂತಿತ್ತಲ್ವಾ?"

"ಎಣ್ಣೆ ಹಾಕ್ದೆ" ಅಂದೆ.

ಮಾರ್ಚ್ 10

ನಾಳೆ ಖಂಡಿತ ಬದಲಿಸುತ್ತೇನೆ.

ಮಾರ್ಚ್ 19

ಬದಲಿಸಿಲ್ಲ. ಮುದುಕನ ಫೋಟೊ ತೆಗೆಸುತ್ತೇನೆ, ಹಾಗೇ ಇರಲಿ ಅಂದಿದ್ದಾನೆ ಮೀಸೆ... ನೆವಕ್ಕೇನು ಬರ.

ದೊಡ್ಡಮ್ಮನ ಮಗಳು, ಅಕ್ಕ, ಫೋನ್ ಮಾಡಿದ್ದಳು. ದೊಡ್ಡಮ್ಮನ ಕಿವಿಗೆ ಮೆಷಿನ್ ಹಾಕಿಸಿದ್ದಾರಂತೆ. "ಆದ್ರೂ ಟೈಪ್ ಮಾಡೋದೇ ಬಿಟ್ಬಿಟ್ಟಿದ್ದಾಳೆ ಕಣೋ. ಬಟ್ಟೆ ಮುಚ್ಚಿ ಮೂಲೆಗಿಟ್ಟಿದ್ದಾಳೆ. ನೀನಾದ್ರೂ ಬಂದು ಹೇಳು, ನಿನ್ ಮಾತು ಕೇಳ್ತಾಳೆ."

ನನ್ನ ಮಾತು ಕೇಳಿಯೇ ಅಲ್ಲವೇ ಇಷ್ಟೆಲ್ಲ ಆದದ್ದು. ನಾಚಿಕೆಯಾಗುತ್ತಿದೆ.

ಚಿಕ್ಕವನಿದ್ದಾಗ ಆ ಮೆಷಿನ್ನಿಗೇ ಅಂಟಿಕೊಂಡು ನಿಲ್ಲುತ್ತಿದ್ದೆ. ಟಿಣ್ ಅಂದ ಕೂಡಲೇ ದೊಡ್ಡಮ್ಮ ಕೈ ಎತ್ತುವಳು. "ನೂಕು!" ಕ್ಯಾರೇಜ್ ನೂಕುವ ಕೆಲಸ ನನ್ನದು. ಈ ಹುಚ್ಚು ಹತ್ತಿದ್ದೇ ಅಲ್ಲಿ. ಅಲ್ಲಿಗೇ ಕನ್ನ ಹಾಕಿದೆನಲ್ಲ.

ಮಾರ್ಚ್ 20, ಸಂಜೆ

ಗಂಟೆ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಉರು ಹೊಡೆದೆ. ಬಾಗಿಲು ತೆರೆದ ದೊಡ್ಡಮ್ಮನ ಕಿವಿ ನೋಡಿದ್ದೇ, ಎಲ್ಲ ಮರೆತುಹೋಯಿತು.

"ಮೆಷಿನ್‌ಗೆ ಸ್ವಲ್ಪ ಎಣ್ಣೆ ಹಾಕ್ತೀನಿ ದೊಡ್ಡಮ್ಮ."

"ಹಾಕು ಹಾಕು. ಕಿವೀಲಿ ಇದೊಂದು ಪೀಡೆ ಕಣೋ. ನಲ್ಲಿ ತೊಟ್ಟಿಕ್ಕೋದು ಕೇಳ್ಸುತ್ತೆ, ಪಕ್ಕದ್ಮನೆ ಜಗಳ ಒಂದಕ್ಷರ ಬಿಡದೆ ಕೇಳ್ಸುತ್ತೆ. ಗಂಟೆ ಒಂದು ಬಿಟ್ಟು."

ಬೆನ್ನು ತಿರುಗಿಸಿ ಕೂತು ಸ್ಕ್ರೂ ಬಿಚ್ಚಿದೆ. ಕಳ್ಳನ ಹಾಗೆ ತೆಗೆದದ್ದು, ಕಳ್ಳನ ಹಾಗೇ ಇಟ್ಟೆ. ಅವಸರದಲ್ಲಿ ಬಿರುಕು ಗಂಟೆ ಕೈಜಾರಿತು. ನೆಲಕ್ಕೆ ಬಿತ್ತು — ಠಕ್. ಗಬಕ್ಕನೆ ಎತ್ತಿ ಜೇಬಿಗೆ ತುರುಕಿದೆ.

ದೊಡ್ಡಮ್ಮ ಬಂದು ಕೂತಳು. ಹಾಳೆ ಏರಿಸಿದಳು. ಹೊಡೆದಳು. ಟಿಣ್!

ಬೆರಳು ನಿಂತಿತು. ಕಿವಿಯಿಂದ ಮೆಷಿನ್ ತೆಗೆದು ಮೇಜಿನ ಮೇಲಿಟ್ಟಳು. ತಾನೇ ಕ್ಯಾರೇಜ್ ನೂಕಿ ಇನ್ನೊಂದು ಸಾಲು ಹೊಡೆದಳು. ಟಿಣ್.

"ಆಗ್ಲೇ ಬಿತ್ತಲ್ಲ, ಠಕ್ ಅಂತ," ಅಂದಳು. "ಅದು ನಿನ್ ಮೆಷಿನ್ ಗಂಟೆನಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹ್ಞೂಂ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ನನ್ನ ಕಡೆ ತಿರುಗಲೂ ಇಲ್ಲ.

"ನೂಕು," ಅಂದಳು.

ಕ್ಯಾರೇಜಿನ ಮೇಲೆ ಕೈ ಇಟ್ಟೆ. ನೂಕೋಣ ಎಂದರೆ, ಗಂಟೆ ಕದ್ದದ್ದೂ ಇದೇ ಕೈ.