ತಪ್ಪಿಲ್ಲದ ಹಲ್ಲು

ಹೊಲಿಗೆ ಅಂಗಡಿಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಂಗಿ ಪಿಟೀಲಿಗೆ,

ಹೇಗಿದ್ದೀಯ? ಈ ಸಲ ಬಾಯಿಮಾತಿಗೆ ಕೇಳುತ್ತಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಿನ್ನ ಪಿಟೀಲು ಕುಯ್ಯುತ್ತಾ ನನ್ನ ಬಾಯಿ ಮುಚ್ಚಿಸಿಬಿಡುತ್ತೀಯ. ಅಲ್ಲಿ ಮಗಳ ಮನೆಯಲ್ಲಿ ಅವಳೂ ಕೂಸೂ ಚೆನ್ನಾಗಿದ್ದಾರೆ ತಾನೆ? ಕೂಸನ್ನು ಹೊತ್ತುಹೊತ್ತಿಗೂ ನೀನೇ ಎತ್ತಿಕೊಂಡು ಓಡಾಡಬೇಡ, ಅಳಿಯನಿಗೂ ಎರಡು ಕೈ ಇವೆ.

ಕಣ್ಣಿನ ಆಪರೇಷನ್ನಿಗೆ ಮುಂಚೆ ಇಸಿಜಿ ಮಾಡಿಸಲು ಹೋಗಿದ್ದೆನಲ್ಲ, ಅವರು ಇನ್ನೊಂದು ಸ್ಕ್ಯಾನಿಗೆ ಕಳಿಸಿದರು. ನನ್ನ ಹೃದಯದ ಮಾಂಸಖಂಡದಲ್ಲಿ ಗಾಯ ಮಾಗಿದ ಗುರುತಿದೆಯಂತೆ. ಎಂದೋ ಹಾರ್ಟ್ ಅಟ್ಯಾಕ್ ಆಗಿಹೋಗಿದೆ, ನನಗೇ ಗೊತ್ತಾಗಿಲ್ಲ. ಶಾಲೆಯ ಯೂನಿಫಾರಂ ಮೂಟೆಯನ್ನು ಮಹಡಿಗೆ ಹೊತ್ತ ದಿನವೇ ಇರಬೇಕು. ಗ್ಯಾಸ್ ಅಂದುಕೊಂಡು ಸೋಡಾ ಕುಡಿದು, ಸಂಜೆತನಕ ಕಾಜಾ ಹಾಕುತ್ತಾ ಕೂತಿದ್ದೆ. ರಫು ಮಾಡಿದ ಮೊಣಕೈ ಬಟ್ಟೆಯ ಹಾಗೆ ಆ ಜಾಗ ಬಿರುಸಾಗಿದೆ, ಹಿಗ್ಗುವುದಿಲ್ಲ. "ಗೊತ್ತಾಗದೆ ಬಂದಿದ್ದು ಅಂತ ಹಗುರ ಮಾಡ್ಬೇಡಿ ಅಮ್ಮ, ಈ ವಯಸ್ಸಲ್ಲಿ ಮುಂದಿನ ಅಪಾಯ ಗೊತ್ತಾಗಿ ಬಂದಿದ್ದಕ್ಕೆ ಇರೋಷ್ಟೇ ಇದಕ್ಕೂ ಇರುತ್ತೆ. ಗೊತ್ತಾದ್ಮೇಲೆ ಮಾಡೋದು ಬೇಕಾದಷ್ಟಿದೆ" ಎಂದರು ಡಾಕ್ಟರಮ್ಮ. ಮಾತ್ರೆ ನುಂಗುತ್ತಿದ್ದೇನೆ, ದಿನಾ ನಡೆಯುತ್ತಿದ್ದೇನೆ. ನನ್ನ ಚಿಂತೆ ಬಿಡು.

ಆಮೇಲೆ ಅವರು ಕೇಳಿದರು, "ದವಡೆ ನೋವು, ಮೈಯೆಲ್ಲ ಬೆವರು, ಯಾವತ್ತಾದ್ರೂ ಬಂದಿತ್ತಾ?" ನನಗೆ ಬಂದಿರಲಿಲ್ಲ ಕಣೆ. ಬಂದಿದ್ದು ನಿನಗೆ. ಹೋದ ವರ್ಷ ಇಸ್ತ್ರಿ ಮೇಜಿನ ಹತ್ತಿರ ದವಡೆ ಹಿಡಿದುಕೊಂಡು ಕುಸಿದು ಕೂತೆ, ಉಟ್ಟ ಬಟ್ಟೆಯೆಲ್ಲ ಒದ್ದೆಯಾಗಿತ್ತು. "ಹಲ್ಲು ನೋವು ಕಣಕ್ಕಾ" ಅಂದೆ. ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳು ನಾನೇ. ಹುಳುಕೇನೂ ಕಾಣಿಸ್ತಿಲ್ಲ ಎಂದು ಅವರು ತಲೆ ಕೆರೆದುಕೊಂಡರೂ ಹಟ ಹಿಡಿದು ಕೀಳಿಸಿದವಳೂ ನಾನೇ. ತಪ್ಪಿಲ್ಲದ ಹಲ್ಲು ಹೋಯಿತೆಂದು ಇಬ್ಬರೂ ವಾರವೆಲ್ಲ ನಕ್ಕೆವು. ಈಗ ನೆನೆಸಿಕೊಂಡರೆ ಹೆದರಿಕೆಯಾಗುತ್ತದೆ. ನನ್ನ ರಿಪೋರ್ಟು ಕೈಗೆ ಬಂದಾಗಲೂ ಇಷ್ಟು ಹೆದರಿರಲಿಲ್ಲ.

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ. ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ, ಭಾರ ಎತ್ತುವುದಿಲ್ಲ.

ನಿನ್ನ
ಅಕ್ಕ

ತಾ.ಕ.: ಶುಕ್ರವಾರ ಹನ್ನೊಂದು ಗಂಟೆಗೆ ಅಲ್ಲಿನ ಹೃದಯದ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ, ಅಳಿಯ ಕರೆದುಕೊಂಡು ಹೋಗುತ್ತಾನೆ. ವಯಸ್ಸು ಅರವತ್ತೆಂಟು ಅಂತ ನಿಜ ಹೇಳಿಬಿಟ್ಟೆ, ಬೈಯಬೇಡ. ಕೂಸಿನ ಸಬೂಬನ್ನೂ ಹೇಳಬೇಡ. ಮೊದಲು ಹುಟ್ಟಿದವಳು ನಾನು, ಮೊದಲು ಹೋಗಬೇಕಾದವಳೂ ನಾನೇ. ನನ್ನನ್ನು ದಾಟಿಕೊಂಡು ಹೋಗಬೇಡ ಕಣೆ.