ಇವರನ್ನು ಎತ್ತಿ ಕೂರಿಸುವುದು

ಮಾರ್ಚ್ 6, ಬೆಳಿಗ್ಗೆ

ಇವರಿಗೆ ಸ್ನಾನ, ತಿಂಡಿ ಆಯ್ತು. ಎತ್ತಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಸ್ಟ್ರೋಕ್ ಆದಮೇಲೆ ಬಲಗಡೆ ಸ್ವಾಧೀನ ಇಲ್ಲ, ಮಾತು ಒಂದೆರಡು. ಆದರೂ ದಿನಾ ಬೀದಿ ನೋಡಲೇಬೇಕು, ದೊಡ್ಡ ಟ್ರಾಫಿಕ್ ಪೊಲೀಸ್! ಎತ್ತುವಾಗ ನನ್ನ ಬೆನ್ನಲ್ಲಿ ಏನೋ ಚಟ್ ಅಂತು. ಹೊಲಿಗೆ ಮೆಷಿನ್ ಮುಂದೆ ಕೂರಕ್ಕಾಗ್ತಿಲ್ಲ...

ಮಾರ್ಚ್ 9

ಡಾಕ್ಟ್ರ ಹತ್ತಿರ ಹೋಗಿದ್ದೆ. ಬೆನ್ನುಮೂಳೆಯ ಒಂದು ಗಂಟು ಕುಸಿದಿದೆಯಂತೆ. ಮೂಳೆ ಸವೆತ. ಎತ್ತರ ಅಳೆದರು, ಮೊದಲಿಗಿಂತ ಎರಡು ಇಂಚು ಕಮ್ಮಿ. ವರ್ಷದಿಂದ ನನ್ನ ನೈಟಿಗಳೆಲ್ಲ ನೆಲ ಗುಡಿಸ್ತಿದ್ದವು. ಬಟ್ಟೆ ಜೋತುಬೀಳ್ತಿದೆ ಅಂತ ಅಂಗಡಿಯವನ ಜನ್ಮ ಜಾಲಾಡಿದ್ದೆ. ಅಂಚು ಮಡಚಿ ಮಡಚಿ ಹೊಲಿದೆ. ಊರವರ ಅಳತೆಯೆಲ್ಲ ಬಾಯಿಪಾಠ, ನನ್ನದು ಗೊತ್ತಾಗಲಿಲ್ಲ.

"ಭಾರ ಎತ್ತಬೇಡಿ" ಅಂದರು ಡಾಕ್ಟ್ರು.

"ಗಂಡನ್ನ ಎತ್ತಬಹುದಾ?" ಅಂದೆ. ಪುಣ್ಯಾತ್ಗಿತ್ತಿ ನಗಲೇ ಇಲ್ಲ.

ಮಾರ್ಚ್ 15, ಭಾನುವಾರ

ವಾರಕ್ಕೊಂದು ಮಾತ್ರೆ, ಇವತ್ತೇ ಮೊದಲನೆಯದು. ಖಾಲಿ ಹೊಟ್ಟೆ, ಲೋಟ ತುಂಬ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗಿರಬೇಕು. ನುಂಗಿ ಕೂತೆನೋ ಇಲ್ಲವೋ, ಇವರ ಕೂಗು. ಹಾಸಿಗೆ ಒದ್ದೆ. ಬಗ್ಗಿದೆ, ಎತ್ತಿದೆ. ಎದೆಯಲ್ಲಿ ಬೆಂಕಿ ಬಿದ್ದ ಹಾಗೆ ಉರಿ. ಈ ಮಾತ್ರೆಗೂ ನಮ್ಮ ಮನೆಗೂ ಆಗಿಬರಲ್ಲ.

ಮಾರ್ಚ್ 22

ಮಗಳು ಬಂದಿದ್ದಳು. ಇವರ ಮಂಚದ ಪಕ್ಕದಲ್ಲೇ ಕೂತು, ಆ ಮಾತ್ರೆ ಬದಲು ಯಾವುದು ಅಂತ ಲೆಕ್ಕಾಚಾರ. ವರ್ಷಕ್ಕೊಮ್ಮೆ ಡ್ರಿಪ್ — ಮೊದಲು ಹುಳುಕು ಹಲ್ಲು ಕೀಳಿಸಿ, ಗಾಯ ಮಾಯಬೇಕು. ದಿನಾ ಹಾಕಿಕೊಳ್ಳೋ ಇಂಜೆಕ್ಷನ್ — ಮೂಳೆ ಬೆಳೆಸುತ್ತೆ, ಆದರೆ ನನ್ನ ಹೊಟ್ಟೆಗೆ ನಾನೇ ಚುಚ್ಚಿಕೊಳ್ಳಬೇಕು. ಬಟ್ಟೆಗೆ ಸೂಜಿ ಹಾಕಿದ್ದು ಸಾಲದಾ? ಇನ್ನೊಂದು ಥರದ ಇಂಜೆಕ್ಷನ್, ಆರು ತಿಂಗಳಿಗೊಮ್ಮೆ. ಶುರು ಮಾಡಿದರೆ ತಪ್ಪಿಸುವ ಹಾಗಿಲ್ಲ, ತಪ್ಪಿಸಿದರೆ ಮೂಳೆ ಇನ್ನೂ ಬೇಗ ಮುರಿಯಬಹುದು.

"ಆರು ತಿಂಗಳದ್ದೇ ಸರಿ" ಅಂದೆ. "ಇವರಿಗಿಂತ ಒಂದು ದಿನ ಹೆಚ್ಚು ಗಟ್ಟಿಯಾಗಿದ್ರೆ ಸಾಕು."

"ಔಷಧಿ ಯಾವುದಾದರೂ ಆಗಲಿ ಅಮ್ಮ, ಅಪ್ಪನ್ನ ಎತ್ತಿದ್ರೆ ಇನ್ನೊಂದು ಮೂಳೆ ಹೋಗುತ್ತೆ. ಆಮೇಲೆ ನೀನೂ ಮಂಚ ಹಿಡೀತೀಯ."

"ಮೆತ್ತಗೆ ಮಾತಾಡೇ."

"ಅಪ್ಪಂಗೇನು ಅರ್ಥ ಆಗುತ್ತಾ?"

ಅದೂ ಹೌದೇನೋ ಅಂದುಕೊಂಡೆ.

ಮಾರ್ಚ್ 27

ಇಂಜೆಕ್ಷನ್ ಆಯ್ತು. ಮನೆಗೆ ಬಂದು, ಬನ್ನಿ ರೀ ಕಿಟಕಿಗೆ ಅಂದೆ. "ಬೇಡ" ಅಂದರು. ಇವರ ಬಾಯಲ್ಲಿ ಬೇಡ! ಬಸ್ಸುಗಳು ಬೇಜಾರಾದವೇನೋ.

ಏಪ್ರಿಲ್ 19

ಈಗ ದಿನಾ ಬೇಡ. ಬಲವಂತ ಮಾಡಿದರೆ ಎಡಗೈಲಿ ಮಂಚದ ಸರಳು ಹಿಡಿದುಬಿಡ್ತಾರೆ, ಹಟಮಾರಿ ಮುದುಕ. ಬೈದೆ. ಸುಳ್ಳು ಯಾಕೆ, ಒಳಗೊಳಗೇ ಹಾಯೆನಿಸಿತು. ಬೆನ್ನು ನೋವು ಇಳಿದಿದೆ, ಎರಡು ಕೋಟು ಹೊಲಿದು ಕೊಟ್ಟೆ.

ಜೂನ್ 30

ಇವರಿಗೆ ಕೆಮ್ಮು. ಕಫ ಬರ್ತಿಲ್ಲ. ಮಲಗೇ ಇದ್ದರೆ ಎದೆ ಕಟ್ಟುತ್ತೆ, ಕೂರಿಸಿ ಅಂದರು ಡಾಕ್ಟ್ರು. ಕೂರಿಸಲು ಹೋದೆ. ಸರಳು ಬಿಡಲಿಲ್ಲ. ನನ್ನ ಬೆನ್ನಿನ ಕಡೆ ಕೈ ತೋರಿಸಿದರು. "ಮುರಿ... ಮುರಿಯುತ್ತೆ" ಅಂದರು.

ಅವತ್ತು ಎಲ್ಲ ಕೇಳಿಸಿಕೊಂಡಿದ್ದರು. ಎಲ್ಲ ಅರ್ಥವಾಗಿತ್ತು.

ಜುಲೈ 3, ಸಂಜೆ

ಆಸ್ಪತ್ರೆ. ನ್ಯುಮೋನಿಯಾ. ಇವರ ಬೆರಳು ಹಿಡಿದುಕೊಂಡೇ ಇದ್ದೇನೆ.

ಆಗಸ್ಟ್ 11

ಇವರು ಹೋಗಿ ತಿಂಗಳಾಯ್ತು. ಬರೆಯೋದೇನಿದೆ.

ಸೆಪ್ಟೆಂಬರ್ 28

ಎರಡನೇ ಇಂಜೆಕ್ಷನ್‌ಗೆ ಹೋಗಲ್ಲ ಅಂದಿದ್ದೆ. "ಬಿಟ್ರೆ ಮುರಿಯುತ್ತೆ ಅಮ್ಮ" ಅಂದಳು ಮಗಳು. ಮುರೀಲಿ ಬಿಡು ಅಂದೆ. ಅಂದ ಮೇಲೆ ಅಳು ತಡೆಯಲಾಗಲಿಲ್ಲ. ಈ ಮೂಳೆ ಉಳಿಯಲಿ ಅಂತ ತಾನೇ ಇವರು ಮಲಗಿದ್ದು. ಬೀದಿ ಬಿಟ್ಟರು, ಬೆಳಕು ಬಿಟ್ಟರು, ಉಸಿರು ಬಿಟ್ಟರು. ಮುರೀಲಿ ಅನ್ನೋಕೆ ನಾನ್ಯಾರು? ಹೋಗಿ ಹಾಕಿಸಿಕೊಂಡು ಬಂದೆ.

ಬಂದವಳು ಇವರ ಹಾಸಿಗೆ ಬಿಸಿಲಿಗೆ ಹಾಕೋಣ ಅಂತ ಎತ್ತಿದೆ. ಮಗಳು ಬೇಡ ಬೇಡ ಅಂತ ಓಡಿಬಂದಳು. ಬೆನ್ನು ನೋಯಲಿಲ್ಲ. ಒಂದು ಚೂರೂ ನೋಯಲಿಲ್ಲ ರೀ. ಈಗಾದರೆ ಎತ್ತಬಹುದಿತ್ತು, ಒಂದೇ ಒಂದು ಸಲ ಕಿಟಕಿ ಪಕ್ಕ ಕೂರಿಸಿ...